ಕೀಪರ್ ಕೈ, ಬಾಕ್ಸ್ ಗೆರೆ, ರೆಡ್ ಕಾರ್ಡ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಇಂಗ್ಲೆಂಡ್ ಫುಟ್‌ಬಾಲ್‌ನ 2025ರ ಎಫ್‌ಎ ಕಪ್ ಫೈನಲ್ (ಕ್ರಿಸ್ಟಲ್ ಪ್ಯಾಲೇಸ್ ಮತ್ತು ಮ್ಯಾಂಚೆಸ್ಟರ್ ಸಿಟಿ) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕ್ರಿಸ್ಟಲ್ ಪ್ಯಾಲೇಸ್ ಕೀಪರ್ ಡೀನ್ ಹೆಂಡರ್ಸನ್ ಬಾಕ್ಸ್‌ನ (ಗೋಲಿನ ಮುಂದೆ ಕೀಪರ್ ಕೈ ಬಳಸಬಹುದಾದ ಚೌಕದ) ಆಚೆ ಕೈಯಲ್ಲಿ ಚೆಂಡು ತಟ್ಟಿದರೂ ರೆಡ್ ಕಾರ್ಡ್ ಬೀಳಲಿಲ್ಲ, ಅವರನ್ನು ಹೊರಗೆ ಕಳಿಸಲಿಲ್ಲ, ಆ ತೀರ್ಮಾನ ಸರಿಯಾದದ್ದೇ ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಿದ್ದಿದೆ. ಅರ್ಧ ಜನ ನನ್ನನ್ನು ಬೈದಿದ್ದಾರೆ. ಉಳಿದವರು ತಮ್ಮ ತಮ್ಮ ಮೈದಾನದ ಜಗಳ ಬರೆದು ತೀರ್ಪು ಕೇಳಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ.

ಪ್ರಶ್ನೆ: ಸರ್, ನಮ್ಮ ಕಾಲೇಜು ತಂಡದ ಸೆಮಿಫೈನಲ್. ಸ್ಕೋರ್ 1-1. ಎದುರಾಳಿಗಳು ಹಿಂದಿನಿಂದ ಉದ್ದದ ಚೆಂಡು ಎತ್ತಿ ಹಾಕಿದರು. ನಮ್ಮ ಕೀಪರ್ ಬಾಕ್ಸ್ ಬಿಟ್ಟು ಓಡಿ ಬಂದ. ಚೆಂಡು ಅವನ ಅಂದಾಜಿಗಿಂತ ಮೇಲಕ್ಕೆ ಪುಟಿಯಿತು, ಅವನು ಕೈ ಎತ್ತಿ ತಟ್ಟಿಬಿಟ್ಟ. ರೆಫ್ರಿ ನೇರ ರೆಡ್ ತೋರಿಸಿದರು. ಅವರ ಸ್ಟ್ರೈಕರ್ ಬಲಗಡೆ ಕಾರ್ನರ್ ಬಾವುಟದ ಕಡೆ ಓಡುತ್ತಿದ್ದ. ನಮ್ಮ ಡಿಫೆಂಡರ್ ಒಬ್ಬ ಅವನಿಗಿಂತ ಒಳಗೆ, ಗೋಲಿಗೆ ಹತ್ತಿರ ಇದ್ದ. ನಾವು ಅಪೀಲ್ ಹಾಕಿದೆವು. ಸಂಘಟಕರು ಒಂದೇ ಸಾಲಿನಲ್ಲಿ ತಳ್ಳಿಹಾಕಿದರು. ಹಾಸ್ಟೆಲಿನಲ್ಲಿ ಈಗ ಎರಡು ಗುಂಪು. ‘ಬೇಕಂತಲೇ ಕೈ ಹಾಕಿದ, ರೆಡ್ ಸರಿ’ ಅನ್ನೋರು ಒಂದು ಕಡೆ, ‘ಅನ್ಯಾಯ’ ಅನ್ನೋರು ಇನ್ನೊಂದು ಕಡೆ. ನೀವೇನಂತೀರಿ?
(‘ಅನ್ಯಾಯ’ ಗುಂಪಿನವನು)

ಉತ್ತರ: ನೀವು ಎರಡೂ ಗುಂಪಿನವರು ಬೇರೆ ಬೇರೆ ಪ್ರಶ್ನೆ ಇಟ್ಟುಕೊಂಡು ಜಗಳ ಆಡ್ತಿದ್ದೀರಿ. ಹ್ಯಾಂಡ್‌ಬಾಲ್ ಆಯಿತಾ ಇಲ್ಲವಾ ಅನ್ನೋದು ಒಂದು. ಆ ಹ್ಯಾಂಡ್‌ಬಾಲ್‌ಗೆ ಯಾವ ಬಣ್ಣದ ಕಾರ್ಡ್ ಅನ್ನೋದು ಇನ್ನೊಂದು. ಮೊದಲನೆಯದರಲ್ಲಿ ತಕರಾರೇ ಇಲ್ಲ. ಬಾಕ್ಸ್ ದಾಟಿದ ಮೇಲೆ ಕೀಪರ್ ಕೂಡ ಉಳಿದ ಹತ್ತು ಜನರ ಹಾಗೆ ಒಬ್ಬ ಆಟಗಾರ, ಅಷ್ಟೇ. ಗ್ಲೌಸ್ ಹಾಕಿದ್ದಾನೆ ಅಂತ ವಿಶೇಷ ಹಕ್ಕೇನೂ ಇಲ್ಲ. ಕೈ ಎತ್ತಿ ತಟ್ಟಿದ ಅಂತ ನೀವೇ ಬರೆದಿದ್ದೀರಿ. ಡೈರೆಕ್ಟ್ ಫ್ರೀ ಕಿಕ್, ಮುಗಿಯಿತು.

ಆದರೆ ‘ಬೇಕಂತಲೇ ಮಾಡಿದ, ಅದಕ್ಕೇ ರೆಡ್’ ಅನ್ನೋದು ತಪ್ಪು. ಈ ಮಾತನ್ನು ನಾನು ಎಷ್ಟು ಮೈದಾನಗಳಲ್ಲಿ ಕೇಳಿದ್ದೇನೋ! ಬೇಕಂತ ಕೈ ಹಾಕಿದ ಮಾತ್ರಕ್ಕೆ ನಿಯಮದಲ್ಲಿ ರೆಡ್ ಇಲ್ಲ, ಎಷ್ಟೋ ಸಲ ಯೆಲ್ಲೋ (ಎಚ್ಚರಿಕೆಯ ಕಾರ್ಡ್) ಕೂಡ ಇಲ್ಲ. ಒಳ್ಳೆಯ ದಾಳಿಯೊಂದನ್ನು ತಡೆದರೆ ಯೆಲ್ಲೋ. ಗೋಲನ್ನೇ ತಡೆದರೆ, ಇಲ್ಲವೇ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾದ ಗೋಲಿನ ಅವಕಾಶವನ್ನು ತಡೆದರೆ ರೆಡ್. ಆ ‘ಸ್ಪಷ್ಟ’ ಅನ್ನುವ ಪದದ ಮೇಲೆಯೇ ಎಲ್ಲ ನಿಂತಿರೋದು. ಅದನ್ನು ಅಳೆಯೋಕೆ ರೆಫ್ರಿ ನೋಡಬೇಕಾದ ನಾಲ್ಕು ವಿಷಯ ನಿಯಮ ಪುಸ್ತಕದಲ್ಲೇ ಇವೆ. ಗೋಲು ಎಷ್ಟು ದೂರ ಇತ್ತು, ಆಟ ಯಾವ ದಿಕ್ಕಿಗೆ ಸಾಗುತ್ತಿತ್ತು, ದಾಳಿ ಮಾಡುವವನಿಗೆ ಚೆಂಡು ಹತೋಟಿಗೆ ಸಿಗುವ ಸಾಧ್ಯತೆ ಎಷ್ಟಿತ್ತು, ಡಿಫೆಂಡರ್‌ಗಳು ಎಲ್ಲಿ ಎಷ್ಟು ಜನ ಇದ್ದರು.

ಈಗ ನಿಮ್ಮ ಪತ್ರ ಇನ್ನೊಮ್ಮೆ ಓದಿ. ಸ್ಟ್ರೈಕರ್ ಎಲ್ಲಿ ಓಡುತ್ತಿದ್ದ ಅಂತ ಬರೆದಿದ್ದೀರಿ, ಡಿಫೆಂಡರ್ ಎಲ್ಲಿದ್ದ ಅಂತ ಬರೆದಿದ್ದೀರಿ. ಚೆಂಡು ಎಲ್ಲಿಗೆ ಹೋಗುತ್ತಿತ್ತು ಅಂತ ಮಾತ್ರ ಬರೆದಿಲ್ಲ! ಕೀಪರ್ ಕೈ ಎತ್ತದೇ ಇದ್ದಿದ್ದರೆ ಅದು ಅವನ ತಲೆ ಮೇಲಿಂದ ಖಾಲಿ ಗೋಲಿನ ಕಡೆ ಪುಟಿಯುತ್ತಾ ಹೋಗುತ್ತಿತ್ತಾ, ಇಲ್ಲಾ ಸ್ಟ್ರೈಕರ್ ಹಿಂದೆಯೇ ಬಲಕ್ಕೆ ಜಾರುತ್ತಿತ್ತಾ? ನೇರ ಗೋಲಿಗೇ ಹೋಗುತ್ತಿದ್ದರೆ, ನಿಮ್ಮ ಡಿಫೆಂಡರ್ ಅದನ್ನು ಖಂಡಿತ ಮುಟ್ಟುತ್ತಿದ್ದ ಅನ್ನುವ ಹಾಗಿರದಿದ್ದರೆ, ರೆಡ್ ಸರಿ. ಬಲಕ್ಕೆ ಹೋಗುತ್ತಿದ್ದರೆ, ಸ್ಟ್ರೈಕರ್ ಅದನ್ನು ಬಾವುಟದ ಹತ್ತಿರ ಹಿಡಿದು ತಿರುಗಿ ಒಳಗೆ ಬರುವಷ್ಟರಲ್ಲಿ ನಿಮ್ಮ ಹುಡುಗ ಗೋಲಿನ ಮುಂದೆ ನಿಂತಿರುತ್ತಿದ್ದ, ಹಾಗಾಗಿ ಯೆಲ್ಲೋ ಸಾಕಿತ್ತು. ನೀವು ಬರೆದಿರುವ ರೀತಿ ನೋಡಿದರೆ ನನ್ನ ಮನಸ್ಸು ಯೆಲ್ಲೋ ಕಡೆಗೇ ವಾಲುತ್ತದೆ. ಆದರೆ ನಿಮ್ಮ ಅಪೀಲಿನಲ್ಲೂ ಚೆಂಡಿನ ವಿಷಯ ಬಿಟ್ಟುಹೋಗಿದ್ದರೆ ಅದು ಬಿದ್ದುಹೋದದ್ದು ಆಶ್ಚರ್ಯ ಅಲ್ಲ.

ಹೋಲಿಸಿ ನೋಡೋಕೆ ಒಂದು ಉದಾಹರಣೆ. 2019ರ ನವೆಂಬರ್ 30, ಲಿವರ್‌ಪೂಲ್ ಮತ್ತು ಬ್ರೈಟನ್ ಪಂದ್ಯ. ಲಿವರ್‌ಪೂಲ್ 2-0 ಮುಂದೆ. 76ನೇ ನಿಮಿಷದಲ್ಲಿ ಕೀಪರ್ ಅಲಿಸನ್ ಬಾಕ್ಸ್‌ನಿಂದ ಹೊರಗೆ ಬಂದು, ಗೋಲಿನ ಕಡೆ ಹೊರಟ ಚೆಂಡನ್ನು ಕೈಯಲ್ಲಿ ತಡೆದರು. ಹಿಂದೆ ಗೋಲು ಖಾಲಿ. ರೆಡ್. ಆ ಬಗ್ಗೆ ಯಾರೂ ಜಾಸ್ತಿ ವಾದ ಮಾಡಲಿಲ್ಲ. ಬದಲಿಗೆ ಬಂದ ಆಡ್ರಿಯನ್ ಇನ್ನೂ ಆಟಗಾರರ ಗೋಡೆ ಸರಿಮಾಡುತ್ತಾ ಕಂಬ ಹಿಡಿದು ನಿಂತಿದ್ದಾಗಲೇ ಲೂಯಿಸ್ ಡಂಕ್ ಫ್ರೀ ಕಿಕ್ ಹೊಡೆದು ಗೋಲು ಮಾಡಿಬಿಟ್ಟರು. ಲಿವರ್‌ಪೂಲ್ ಹೇಗೋ 2-1ರಲ್ಲಿ ಉಳಿದುಕೊಂಡಿತು. ರೆಡ್ ಅಂದರೆ ಏನು ಅನ್ನೋದಕ್ಕೆ ಅದು ಮಾದರಿ.

ಪ್ರಶ್ನೆ: ಹೆಂಡರ್ಸನ್ ವಿಷಯದಲ್ಲಿ ನೀವು ಪ್ಯಾಲೇಸ್ ಪರ ಬರೆದಿದ್ದೀರಿ. ನಮ್ಮ ಸಿಟಿ ಸ್ಟ್ರೈಕರ್ ಹಾಲೆಂಡ್ ಒಬ್ಬನೇ ಬರುತ್ತಿದ್ದ, ಪಕ್ಕದಲ್ಲಿ ಯಾರೂ ಇರಲಿಲ್ಲ. ಅದು ರೆಡ್ ಅಲ್ಲದಿದ್ದರೆ ಇನ್ಯಾವುದು? ರೆಡ್ ಹೋಗಲಿ, ಫ್ರೀ ಕಿಕ್ ಕೂಡ ಯಾಕೆ ಕೊಡಲಿಲ್ಲ? ವಿಎಆರ್ (ವಿಡಿಯೊ ನೋಡಿ ರೆಫ್ರಿಗೆ ನೆರವಾಗುವವರು) ಇರೋದು ಯಾಕೆ ಹಾಗಾದರೆ?
(ಸಿಟಿ ಅಭಿಮಾನಿ)

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆ ಕ್ಷಣವನ್ನು ನಾನು ಹತ್ತಾರು ಸಲ ನೋಡಿದ್ದೇನೆ, ಮೊದಲ ಮೂರು ಸಲ ನನಗೂ ರೆಡ್ ಅಂತಲೇ ಅನಿಸಿತು.

ಮೊದಲು ಫ್ರೀ ಕಿಕ್ ವಿಷಯ. ಮೈದಾನದಲ್ಲಿ ರೆಫ್ರಿ ಅದನ್ನು ಹಿಡಿಯಲಿಲ್ಲ. ವಿಎಆರ್ ಬಾಯಿ ತೆಗೆಯಬಹುದಾಗಿದ್ದದ್ದು ನಾಲ್ಕೇ ವಿಷಯಕ್ಕೆ: ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ತೋರಿಸಿದ ತಪ್ಪು. ಬರೀ ಫ್ರೀ ಕಿಕ್‌ಗಾಗಿ ಆಟ ನಿಲ್ಲಿಸುವ ಅಧಿಕಾರ ಅದಕ್ಕಿರಲಿಲ್ಲ. ಅಂದರೆ ವಿಎಆರ್ ಕೋಣೆಯಲ್ಲಿ ಕೂತವರಿಗೆ ಕೈ ತಾಕಿದ್ದು ಚೆನ್ನಾಗಿ ಕಂಡಿದ್ದರೂ, ‘ಇದು ರೆಡ್ ಅಲ್ಲ’ ಅಂತ ತೀರ್ಮಾನ ಆದ ತಕ್ಷಣ ಅವರ ಬಾಯಿ ಮುಚ್ಚಿತು. ತಪ್ಪು ನಡೆದಿದೆ ಅಂತ ಗೊತ್ತಿದ್ದೂ ಏನೂ ಮಾಡೋಕಾಗದ ಸ್ಥಿತಿ. ಇದು ನನಗೂ ಸರಿ ಅನಿಸುವುದಿಲ್ಲ, ಈ ಭಾಗದಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ.

ಇನ್ನು ರೆಡ್. ಹಾಲೆಂಡ್ ಒಬ್ಬನೇ ಇದ್ದದ್ದು ನಿಜ. ಆದರೆ ಚೆಂಡು ಗೋಲಿನಿಂದ ದೂರ, ಪಕ್ಕಕ್ಕೆ ಹೋಗುತ್ತಿತ್ತು ಅಂತ ವಿಎಆರ್ ತೀರ್ಮಾನ ಮಾಡಿತು. ಮೇಲೆ ಹೇಳಿದ ನಾಲ್ಕರಲ್ಲಿ ಎರಡನೆಯದು, ದಿಕ್ಕು, ಅಲ್ಲಿ ಸೋತಿತು. ಹಾಲೆಂಡ್ ಅದನ್ನು ಹಿಡಿದು ಓರೆಯಾದ ಕೋನದಿಂದ ಗೋಲು ಹೊಡೆಯಬಹುದಿತ್ತಾ? ಅವನ ಕೈಲಿ ಏನು ಬೇಕಾದರೂ ಆಗುತ್ತಿತ್ತು. ‘ಬಹುದಿತ್ತು’ ಅನ್ನೋದು ಬಂದ ಕೂಡಲೇ ‘ಸ್ಪಷ್ಟ’ ಅನ್ನೋದು ಕೈ ಬಿಟ್ಟಿತು ಅನ್ನೋದು ನನ್ನ ನಿಲುವು. ನಿಮಗೆ ಹೊಟ್ಟೆ ಉರಿಯುವುದು ಆಮೇಲೆ ನಡೆದದ್ದಕ್ಕೆ, ಅಲ್ವಾ? ಅದೇ ಹೆಂಡರ್ಸನ್ ಅದೇ ಅರ್ಧದಲ್ಲಿ ಸಿಟಿಯ ಒಮರ್ ಮರ್ಮೂಶ್ ಹೊಡೆದ ಪೆನಾಲ್ಟಿ ತಡೆದರು, ಪ್ಯಾಲೇಸ್ 1-0ರಲ್ಲಿ ಗೆದ್ದು ತನ್ನ ಇತಿಹಾಸದ ಮೊದಲ ದೊಡ್ಡ ಕಪ್ ಎತ್ತಿತು. ಆದರೆ ಪೆನಾಲ್ಟಿ ತಡೆದದ್ದನ್ನು ಹಿಂದಕ್ಕೆ ತಂದು ಹ್ಯಾಂಡ್‌ಬಾಲ್ ಲೆಕ್ಕಕ್ಕೆ ಸೇರಿಸಬಾರದು.

ಪ್ರಶ್ನೆ: ಕೀಪರ್ ಕಾಲು ಗೆರೆಯ ಹೊರಗೆ, ಕೈ ಒಳಗೆ. ಇಲ್ಲಾ ಕಾಲು ಒಳಗೆ, ಕೈ ಹೊರಗೆ. ಯಾವುದು ತಪ್ಪು?

ಉತ್ತರ: ಎರಡನೆಯದು. ಕಾಲು ಲೆಕ್ಕಕ್ಕಿಲ್ಲ, ಕೈ ಚೆಂಡಿಗೆ ತಾಕಿದ ಜಾಗ ಲೆಕ್ಕ. ಜೊತೆಗೆ ಗೆರೆಯೂ ಬಾಕ್ಸ್‌ಗೇ ಸೇರಿದ್ದು. ಗೆರೆ ಮೇಲೆ ಹಿಡಿದರೆ ಒಳಗೆ ಹಿಡಿದ ಹಾಗೆಯೇ.

ಈ ಗೆರೆ ವಿಷಯ ಬಂದಾಗ ನನಗೆ ಸುಮ್ಮನಿರೋಕಾಗಲ್ಲ. ನಾನೂ ಹನ್ನೊಂದು ವರ್ಷ ಗ್ಲೌಸ್ ಹಾಕಿದವನು. ಒಂದು ಪಂದ್ಯದಲ್ಲಿ, ಮಳೆ ನಿಂತ ಮೇಲೆ, ಸ್ಟ್ರೈಕರ್ ಕಾಲಡಿಗೆ ಜಾರಿ ಬಿದ್ದು ಚೆಂಡು ಹಿಡಿದೆ. ಸೀಟಿ ಊದಿತು. ಕಾರ್ಡ್ ಬಂತು, ಕೆಂಪು. ಎದ್ದು ನೋಡಿಕೊಂಡರೆ ಬಲಗೈ ಗ್ಲೌಸಿನ ಬೆರಳುಗಳ ಮೇಲೆ ಒದ್ದೆ ಸುಣ್ಣ ಅಂಟಿತ್ತು, ಚೆಂಡಿನ ಒಂದು ಮಗ್ಗುಲೂ ಬೆಳ್ಳಗಾಗಿತ್ತು. ಗೆರೆ ಮೇಲೆಯೇ ಹಿಡಿದಿದ್ದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಕೈ ಚಾಚಿ ರೆಫ್ರಿಗೆ ತೋರಿಸಿದೆ, ಅವರು ನೋಡಲಿಲ್ಲ, ಹೊರಗೆ ನಡೆ ಅಂದರು. ಅಪೀಲ್ ಅಂತ ಒಂದಿದೆ ಅನ್ನೋದೇ ಆಗ ನಮಗೆ ಗೊತ್ತಿರಲಿಲ್ಲ. ಆ ಸುಣ್ಣ ಒಣಗಿ ಪುಡಿಯಾಗಿ ಉದುರುವವರೆಗೂ ಬೆಂಚಿನ ಮೇಲೆ ಗ್ಲೌಸ್ ಬಿಚ್ಚದೆ ಕೂತಿದ್ದೆ. ಈ ಅಂಕಣಕ್ಕೆ ಬರುವ ಒಂದೊಂದು ರೆಡ್ ಕಾರ್ಡ್ ಪತ್ರವನ್ನೂ ನಾನು ಎರಡೆರಡು ಸಲ ಓದುವುದಕ್ಕೆ ಅದೇ ಕಾರಣ.

ಪ್ರಶ್ನೆ: ಅಪೀಲ್ ಗೆದ್ದರೆ ಪಂದ್ಯ ಮತ್ತೆ ಆಡಿಸುತ್ತಾರಾ? ಇಲ್ಲದಿದ್ದರೆ ಅಪೀಲ್ ಹಾಕಿ ಏನು ಪ್ರಯೋಜನ?
(ಕ್ಲಬ್ ಕಾರ್ಯದರ್ಶಿ)

ಉತ್ತರ: ಆಡಿಸುವುದಿಲ್ಲ. ಮೈದಾನದಲ್ಲಿ ಆಟದ ಬಗ್ಗೆ ರೆಫ್ರಿ ಕೊಟ್ಟ ತೀರ್ಪು, ಪಂದ್ಯದ ಫಲಿತಾಂಶ ಸೇರಿ, ಅಂತಿಮ ಅಂತ ನಿಯಮವೇ ಹೇಳುತ್ತದೆ. ಅಪೀಲಿನಿಂದ ಉಳಿಯುವುದು ಮುಂದಿನ ಪಂದ್ಯ, ಅಂದರೆ ಕೀಪರ್ ಮೇಲೆ ಬೀಳುವ ನಿಷೇಧ ಹೋಗುತ್ತದೆ. ಇಂಗ್ಲೆಂಡ್‌ನಲ್ಲಿ ಇಂಥ ರೆಡ್‌ಗೆ ಒಂದು ಪಂದ್ಯದ ನಿಷೇಧ. ಅಲಿಸನ್ ಕೂಡ ಒಂದೇ ಪಂದ್ಯ ಹೊರಗೆ ಕೂತರು. ಒಂದು ಪಂದ್ಯ ಅಂದರೆ ಕಮ್ಮಿಯಾ? ಮುಂದಿನದು ಫೈನಲ್ ಆಗಿದ್ದರೆ?

ಅಪೀಲ್ ಹೇಗೆ ಗೆಲ್ಲುತ್ತದೆ ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಕರಣ 2014ರದ್ದು. ಅದರಲ್ಲಿ ಚೆಂಡು ಮುಟ್ಟಿದ್ದು ಕೀಪರ್ ಅಲ್ಲ, ಕೀಪರ್ ಹಾಗೆ ಹಾರಿದ ಆಟಗಾರ. ಮಾರ್ಚ್ 22, ಚೆಲ್ಸಿ ಮೈದಾನದಲ್ಲಿ ಆರ್ಸೆನಲ್, ಕೋಚ್ ಆರ್ಸೆನ್ ವೆಂಗರ್‌ಗೆ ಆ ಕ್ಲಬ್‌ನಲ್ಲಿ 1000ನೇ ಪಂದ್ಯ. ಎಡೆನ್ ಹಜಾರ್ಡ್ ಹೊಡೆದ ಚೆಂಡಿಗೆ ಅಲೆಕ್ಸ್ ಆಕ್ಸ್‌ಲೇಡ್-ಚೇಂಬರ್ಲೇನ್ ಪಕ್ಕಕ್ಕೆ ಹಾರಿ ಬೆರಳು ತಾಕಿಸಿದರು. ರೆಫ್ರಿ ಆಂಡ್ರೆ ಮ್ಯಾರಿನರ್ ಪೆನಾಲ್ಟಿ ಕೊಟ್ಟರು, ಸರಿ. ಆದರೆ ರೆಡ್ ತೋರಿಸಿದ್ದು ಕೀರನ್ ಗಿಬ್ಸ್‌ಗೆ! ಕೈ ತಾಕಿಸಿದ್ದು ನಾನು ಅಂತ ಚೇಂಬರ್ಲೇನ್ ಹೇಳಿದರೂ ಗಿಬ್ಸ್ ಹೊರಗೆ ನಡೆಯಬೇಕಾಯಿತು. ಆರ್ಸೆನಲ್ 6-0 ಸೋತಿತು.

ಆಮೇಲೆ ಏನಾಯಿತು ನೋಡಿ. ಗಿಬ್ಸ್ ತಪ್ಪಿಲ್ಲ ಅಂತ ಸಾಬೀತಾದ ಮೇಲೆ ನಿಷೇಧ ಚೇಂಬರ್ಲೇನ್ ತಲೆಗೆ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಆ ಚೆಂಡು ಗೋಲಿನ ಹೊರಗೆ ಹೋಗುತ್ತಿತ್ತು, ಕೈ ತಾಕದಿದ್ದರೂ ಗೋಲಾಗುತ್ತಿರಲಿಲ್ಲ, ಹಾಗಾಗಿ ಅದು ರೆಡ್ ಕಾರ್ಡ್ ತಪ್ಪೇ ಅಲ್ಲ ಅಂತ ಇಂಗ್ಲಿಷ್ ಎಫ್‌ಎ ಸಮಿತಿ ಒಪ್ಪಿತು. ಇಬ್ಬರಿಗೂ ನಿಷೇಧ ಇಲ್ಲ. ಹ್ಯಾಂಡ್‌ಬಾಲ್ ಆಗಿದ್ದು ನೂರಕ್ಕೆ ನೂರು ನಿಜ, ಬೇಕಂತಲೇ ಆಗಿದ್ದೂ ನಿಜ. ಆದರೂ ಚೆಂಡಿನ ದಿಕ್ಕೊಂದೇ ಅವನನ್ನು ಉಳಿಸಿತು. 6-0 ಮಾತ್ರ 6-0 ಆಗಿಯೇ ಉಳಿಯಿತು.

ಹಾಗಾಗಿ ನಿಮ್ಮ ಅರ್ಜಿಯಲ್ಲಿ ‘ನಮ್ಮ ಕೀಪರ್ ಒಳ್ಳೆಯ ಹುಡುಗ, ಹಿಂದೆಂದೂ ಕಾರ್ಡ್ ಪಡೆದಿಲ್ಲ’ ಅಂತ ಬರೆದು ಜಾಗ ತುಂಬಿಸಬೇಡಿ. ರೆಫ್ರಿ ನೋಡಬೇಕಾದ ನಾಲ್ಕರಲ್ಲಿ ಯಾವುದು ಅಲ್ಲಿ ಇರಲಿಲ್ಲ ಅನ್ನೋದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ವಿಡಿಯೊ ಇದ್ದರೆ ಯಾವ ನಿಮಿಷ, ಯಾವ ಸೆಕೆಂಡ್ ಅಂತ ಗುರುತು ಹಾಕಿ. ಗೆರೆಯ ತಕರಾರಾದರೆ ಗೆರೆಗೆ ನೇರವಾಗಿ ನಿಂತು ತೆಗೆದ ವಿಡಿಯೊ ಮಾತ್ರ ಉಪಯೋಗಕ್ಕೆ ಬರುತ್ತದೆ. ಓರೆಯಿಂದ ತೆಗೆದದ್ದರಲ್ಲಿ ಗಾಳಿಯಲ್ಲಿರುವ ಚೆಂಡು ಗೆರೆಯಿಂದ ಒಂದು ಅಡಿ ಆಚೆಯೂ ಕಾಣಬಹುದು, ಒಂದು ಅಡಿ ಈಚೆಯೂ ಕಾಣಬಹುದು. ನಿಮ್ಮ ಟೂರ್ನಿಯ ನಿಯಮಾವಳಿಯಲ್ಲಿ ಅಪೀಲಿಗೆ ಎಷ್ಟು ಗಂಟೆ ಕೊಟ್ಟಿದ್ದಾರೆ ಅಂತ ಪಂದ್ಯಕ್ಕೆ ಮೊದಲೇ ಓದಿಟ್ಟುಕೊಳ್ಳಿ, ಹೆಚ್ಚು ಕಡೆ ಅದು ತೀರಾ ಕಮ್ಮಿ. ಇನ್ನೊಂದು ಮಾತು. ಸಮಿತಿಯವರು ‘ನಾವಾಗಿದ್ದರೆ ಯೆಲ್ಲೋ ಕೊಡುತ್ತಿದ್ದೆವು’ ಅಂದುಕೊಂಡರೂ ಸಾಕಾಗುವುದಿಲ್ಲ. ರೆಫ್ರಿ ಕಣ್ಣಿಗೆ ಕಾಣುವಂಥ ತಪ್ಪು ಮಾಡಿದ್ದಾರೆ ಅಂತ ಅವರಿಗೆ ಅನಿಸಬೇಕು. ಅನುಮಾನ ಉಳಿದರೆ ಅದು ರೆಫ್ರಿ ಪಾಲು.

ಪ್ರಶ್ನೆ: ಡಿಫೆಂಡರ್ ಬಾಕ್ಸ್ ಒಳಗೆ ಕೈ ತಾಕಿಸಿ ಗೋಲು ತಡೆದರೆ ಈಗ ಯೆಲ್ಲೋ ಸಾಕಂತೆ, ಕೀಪರ್ ಹೊರಗೆ ಮಾಡಿದರೆ ರೆಡ್. ಇದು ಯಾವ ನ್ಯಾಯ?

ಉತ್ತರ: ಅರ್ಧ ಸರಿ ಕೇಳಿಸಿಕೊಂಡಿದ್ದೀರಿ. 2024-25ರ ನಿಯಮ ಬದಲಾವಣೆ ಬೇಕಂತ ಮಾಡದ ಹ್ಯಾಂಡ್‌ಬಾಲ್‌ಗೆ ಮಾತ್ರ. ಅದಕ್ಕೆ ಪೆನಾಲ್ಟಿ ಕೊಟ್ಟಿದ್ದರೆ ಕಾರ್ಡ್ ಯೆಲ್ಲೋ. ಗೋಲಿನ ಅವಕಾಶ ಪೆನಾಲ್ಟಿ ರೂಪದಲ್ಲಿ ವಾಪಸ್ ಸಿಕ್ಕಿತಲ್ಲ ಅನ್ನೋದು ಅದರ ಹಿಂದಿನ ಯೋಚನೆ. ಬೇಕಂತಲೇ ಕೈ ಹಾಕಿದರೆ ಡಿಫೆಂಡರ್‌ಗೂ ರೆಡ್ಡೇ. 2010ರ ವಿಶ್ವಕಪ್‌ನಲ್ಲಿ ಘಾನಾ ವಿರುದ್ಧ ಗೋಲುಗೆರೆ ಮೇಲೆ ಕೈಯಲ್ಲಿ ಚೆಂಡು ತಡೆದ ಉರುಗ್ವೆಯ ಲೂಯಿಸ್ ಸುವಾರೆಜ್‌ಗೆ ಸಿಕ್ಕಿತಲ್ಲ, ಹಾಗೆ. ಕೀಪರ್ ಹೊರಗೆ ಕೈ ಹಾಕಿದಾಗ ಎದುರಾಳಿಗೆ ಸಿಗುವುದು ಫ್ರೀ ಕಿಕ್ ಮಾತ್ರ, ಎದುರಿಗೆ ಗೋಡೆ ನಿಂತಿರುತ್ತದೆ. ಕಳೆದುಕೊಂಡದ್ದಕ್ಕೆ ಅದು ಸಮ ಅಲ್ಲ.

ಪ್ರಶ್ನೆ: ನಮ್ಮವನೇ ಹಿಂದಕ್ಕೆ ಪಾಸ್ ಮಾಡಿದ ಚೆಂಡು ಗೋಲಿಗೆ ಹೋಗುತ್ತಿತ್ತು, ಕೀಪರ್ ಬಾಕ್ಸ್ ಒಳಗೆ ಕೈಯಲ್ಲಿ ಹಿಡಿದ. ಎದುರಾಳಿಗಳು ರೆಡ್ ರೆಡ್ ಅಂತ ಕೂಗಿದರು. ರೆಫ್ರಿ ಕೊಡಲಿಲ್ಲ. ಸರಿನಾ?

ಉತ್ತರ: ಸರಿ. ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯುವಂತಿಲ್ಲದ ಫ್ರೀ ಕಿಕ್), ಕಾರ್ಡ್ ಇಲ್ಲ. ಒಂದು ಎಚ್ಚರಿಕೆ ಮಾತ್ರ. ಗೋಲ್ ಕಿಕ್ ಅಥವಾ ಫ್ರೀ ಕಿಕ್ ಹೊಡೆದ ಕೀಪರ್, ಬೇರೆ ಯಾರೂ ಮುಟ್ಟುವ ಮೊದಲೇ ತಾನೇ ಮತ್ತೆ ಚೆಂಡು ಮುಟ್ಟಿ ಗೋಲಿನ ಸ್ಪಷ್ಟ ಅವಕಾಶ ತಡೆದರೆ, ಬಾಕ್ಸ್ ಒಳಗಾದರೂ ರೆಡ್ ಬರುತ್ತದೆ.

ಪ್ರಶ್ನೆ: ಅಣ್ಣಾ, ನನ್ನ ಮಗಳು ಶಾಲಾ ತಂಡದ ಕೀಪರ್. ಎರಡು ತಿಂಗಳ ಹಿಂದೆ ಬಾಕ್ಸ್ ಹೊರಗೆ ಕೈ ತಾಕಿ ರೆಡ್ ಆಯಿತು. ಅವತ್ತಿನಿಂದ ಗೋಲುಗೆರೆ ಬಿಟ್ಟು ಮುಂದೆ ಬರುತ್ತಲೇ ಇಲ್ಲ. ಚೆಂಡು ಎದುರಿಗೆ ಬಂದರೂ ನಿಂತುಬಿಡುತ್ತಾಳೆ. ಊಟಕ್ಕೆ ಕೂತಾಗಲೂ ಅದೇ ಮಾತು, ‘ನನ್ನಿಂದ ಸೋತರು’ ಅಂತ. ಏನು ಹೇಳಲಿ?
(ಒಬ್ಬ ತಾಯಿ)

ಉತ್ತರ: ಅಕ್ಕಾ, ಮೊದಲು ಅವಳಿಗೆ ಈ ಕತೆ ಹೇಳಿ. 1994ರ ವಿಶ್ವಕಪ್, ಇಟಲಿ ಮತ್ತು ನಾರ್ವೆ. ಇಟಲಿಯ ಕೀಪರ್ ಜಾನ್‌ಲುಕಾ ಪಾಲ್ಯೂಕಾ ಬಾಕ್ಸ್ ಹೊರಗೆ ಬಂದು ಕೈ ಹಾಕಿ, ವಿಶ್ವಕಪ್‌ನಲ್ಲಿ ರೆಡ್ ಪಡೆದ ಮೊದಲ ಕೀಪರ್ ಆದರು. ಪಂದ್ಯ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಬದಲಿ ಕೀಪರ್‌ಗೆ ಜಾಗ ಮಾಡೋಕೆ ಕೋಚ್ ಹೊರಗೆ ಕರೆದದ್ದು ರಾಬರ್ಟೊ ಬಾಜಿಯೊ ಅವರನ್ನು, ತಂಡದ ಅತಿ ದೊಡ್ಡ ಆಟಗಾರನನ್ನು! ಆದರೂ ಹತ್ತು ಜನರ ಇಟಲಿ 1-0 ಗೆದ್ದಿತು. ನಿಷೇಧ ಮುಗಿಸಿ ಬಂದ ಪಾಲ್ಯೂಕಾ ಅದೇ ಟೂರ್ನಿಯ ಫೈನಲ್‌ನಲ್ಲಿ ಗೋಲಿನ ಮುಂದೆ ನಿಂತಿದ್ದರು.

ಆಮೇಲೆ ಅವಳ ಕೋಚ್ ಹತ್ತಿರ ಮಾತಾಡಿ. ಗೆರೆ ಬಿಟ್ಟು ಬರಬೇಡ ಅಂತ ಯಾರಾದರೂ ಹೇಳಿದ್ದರೆ ಅದು ಕೆಟ್ಟ ಸಲಹೆ. ಮುಂದೆ ಬರುವ ಧೈರ್ಯ ಇದ್ದದ್ದಕ್ಕೇ ಅವಳು ಅಲ್ಲಿ ಇದ್ದಳು. ಅಲ್ಲಿಗೆ ತಲುಪಿದ ಮೇಲೆ ಯಾವ ಅಂಗ ಬಳಸಬೇಕು ಅನ್ನೋದು ಅಭ್ಯಾಸ ಅಷ್ಟೇ. ಕೀಪರ್ ದೇಹಕ್ಕೆ ಕೈ ಎತ್ತೋದು ಉಸಿರಾಡಿದ ಹಾಗೆ, ಯೋಚನೆ ಮಾಡುವ ಮೊದಲೇ ಎದ್ದುಬಿಡುತ್ತದೆ. ಅದನ್ನು ಬದಲಾಯಿಸೋಕೆ ಗ್ಲೌಸ್ ಬಿಚ್ಚಿಸಿ, ಎರಡೂ ಕೈಯಲ್ಲಿ ಒಂದೊಂದು ಟೆನಿಸ್ ಚೆಂಡು ಹಿಡಿಸಿ, ಬಾಕ್ಸ್‌ನಿಂದ ಐದು ಹೆಜ್ಜೆ ಆಚೆ ನಿಲ್ಲಿಸಿ, ಪುಟಿಯುವ ಚೆಂಡು ಎಸೆಯಲಿ. ಕೈ ಖಾಲಿ ಇಲ್ಲದಿದ್ದಾಗ ಎದೆ ಮುಂದೆ ಬರುತ್ತದೆ, ತಲೆ ಮುಂದೆ ಬರುತ್ತದೆ. ಕಂಕುಳಿನ ಕೆಳಗಿನ ಮಟ್ಟದಿಂದ ಮೇಲಿನ ಭುಜ ಹ್ಯಾಂಡ್‌ಬಾಲ್ ಲೆಕ್ಕಕ್ಕೆ ಬರುವುದಿಲ್ಲ, ಅದನ್ನೂ ಅವಳಿಗೆ ತೋರಿಸಿ ಹೇಳಿ. ಎಷ್ಟೋ ಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ. ದಿನಕ್ಕೆ ಇಪ್ಪತ್ತು ಚೆಂಡು ಸಾಕು. ಪುಟಿದ ಮೇಲೆ ಓಡೋದಲ್ಲ, ಪುಟಿಯುವ ಮೊದಲೇ ತಲುಪೋದನ್ನು ಕಲಿಯಲಿ.

ಅವಳ ಮುಂದಿನ ಪಂದ್ಯ ಮುಗಿದ ಮೇಲೆ ಹೇಗಾಯಿತು ಅಂತ ಬರೆಯಿರಿ. ಮೊದಲ ಉದ್ದದ ಚೆಂಡಿಗೆ ಅವಳು ಗೆರೆ ಬಿಟ್ಟು ಬಂದಳಾ ಅನ್ನೋದನ್ನು ಮಾತ್ರ ಮರೆಯದೆ ಬರೆಯಿರಿ.